ಮೂರು ದಿನ ಕುರ್ವೆಯಾಗ

ಹೋದ ವಾರ ಇಲ್ಲಿ ಏನೂ ಬರೆದಿರಲಿಲ್ಲ. "ಯಾಕ್ರಿ, ಹುಷಾರಿಲ್ಲೇನು?" ಅಂತ ಇಬ್ಬರು ಮೂವರು ಫೋನ್ ಮಾಡಿದ್ರಿ. ಹುಷಾರಾಗೇ ಇದ್ದೆ. ಹೊಲ ಬಿಟ್ಟು, ಮನೆಯಾಕಿನ ಕರ್ಕೊಂಡು, ಮೂರು ದಿನ ಒಂದು ನಡುಗಡ್ಡಿಯಾಗ ಕುಂತು ಬಂದೆ. ನಗಬ್ಯಾಡ್ರಿ, ಖರೇನೇ.

ಮದುವೆಯಾಗಿ ಮೂವತ್ತು ವರ್ಷ ಆತು. ಕೊಟ್ಟೂರು ತೇರು, ಉಜ್ಜಿನಿ ತೇರು, ಮೈಲಾರದ ಕಾರಣಿಕ, ಆಕಿ ನೋಡಿದ್ದು ಇಷ್ಟೇ. ನನ್ನ ತಂಗಿ ಮಗ ಕುಮಟಾ ಕಡೆ ಶಾಲೆ ಮೇಷ್ಟ್ರು. ವರ್ಷಾ ಕರೀತಿದ್ದ, ನಾನು ವರ್ಷಾ ಒಂದೊಂದು ನೆವ ಹೇಳ್ತಿದ್ದೆ. ಈ ಸಲ ಮೆಕ್ಕೆಜೋಳ ಮುರಿದು ಕಣಕ್ಕೆ ಹಾಕಿದ್ವಿ, ದೀಪಾವಳಿಗೆ ಇನ್ನೂ ವಾರ ಇತ್ತು. ನೆವ ಸಿಗಲಿಲ್ಲ, ಹೊರಟ್ವಿ. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಹರಪನಹಳ್ಳಿ, ಹರಿಹರ, ಹಾವೇರಿ, ಶಿರಸಿ ಮ್ಯಾಲೆ ಹಾದು ದೇವಿಮನೆ ಘಟ್ಟ ಇಳಿದ್ವಿ.

"ಮಾವ, ಗೋಕರ್ಣ, ಮುರುಡೇಶ್ವರ ರಜೆಯಾಗ ಜನವೋ ಜನ. ನಮ್ಮ ಶಾಲೆಯವರೊಬ್ಬರ ಮನೆ ಕುರ್ವೆಯಾಗ ಐತಿ, ಅಲ್ಲಿ ಇರ್ರಿ" ಅಂದ ಹುಡುಗ. ನಾವು ನಡುಗಡ್ಡಿ ಅಂತೀವಲ್ಲ, ಅದಕ್ಕೆ ಅವರು ಕುರ್ವೆ ಅಂತಾರೆ. ಅಘನಾಶಿನಿ ಹೊಳೆ ಸಮುದ್ರ ಸೇರೋ ಕಡೆ ಐಗಳಕುರ್ವೆ, ಮಾಸೂರು ಕುರ್ವೆ ಅಂತ ಇಂಥ ಊರುಗಳದಾವು. ನಾವಿದ್ದ ಜಾಗದ ಹೆಸರು ಬರೆಯಲ್ಲ, ಆ ಮನೆಯವರಿಗೆ ತೊಂದರೆ ಆಗಬಾರದು.

ಮೊದಲನೇ ದಿನ ನಾನು ಮಾಡಿದ್ದು ನಿದ್ದೆ. ತೆಂಗಿನ ಗಿಡದ ಬುಡಕ್ಕೆ ಚಾಪೆ ಹಾಸಿ ಮಲಗಿದವನು ಎದ್ದಾಗ ಸಂಜೆ. ಮಲಗುವಾಗ ಎದುರಿಗಿದ್ದ ಕೆಸರು ಬಯಲು ಎದ್ದಾಗ ನೀರು. ದಿನಕ್ಕೆ ಎರಡು ಸಲ ಸಮುದ್ರದ ಭರತ ಒಳಗೆ ಬರ್ತೈತಿ, ಎರಡು ಸಲ ಇಳೀತೈತಿ. ಇಳಿದಾಗ ಹೆಣ್ಮಕ್ಕಳು ಸೊಂಟದ ಮಟ ನೀರಿಗಿಳಿದು ಚಿಪ್ಪಿ ಆರಿಸ್ತಾರೆ. ನಮ್ಮಾಕಿ ಸೀರಿ ಎತ್ತಿ ಕಟ್ಟಿ ಮೊಣಕಾಲು ನೀರಿನಾಗ ನಿಂತಳು, ಒಂದು ತಾಸು ಮ್ಯಾಲೆ ಬರಲೇ ಇಲ್ಲ. ನಾವು ಮೀನು ತಿನ್ನೋರಲ್ಲ ಅಂತ ಅವರು ನಮಗಾಗಿ ಕೆಂಪಕ್ಕಿ ಗಂಜಿ, ಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ ಮಾಡಿದ್ರು. ನಮ್ಮ ರೊಟ್ಟಿ ಅವರು ಖಾಲಿ ಮಾಡಿದ್ರು.

ಆ ಅಕ್ಕಿ ಹೆಸರು ಕಗ್ಗ. ಎರಡನೇ ದಿನ ಯಜಮಾನರು ಗದ್ದೆಗೆ ಕರ್ಕೊಂಡು ಹೋದ್ರು. ಗಜನಿ ಅಂತಾರೆ. ಸಮುದ್ರದ ನೀರು ಏರೋ ಜಾಗಕ್ಕೇ ಒಡ್ಡು ಹಾಕಿ ಮಾಡಿದ ಭೂಮಿ. ಜೂನ್ ಮಳೆ ಹೊಡೆದು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲೋದು, ನಾಟಿ ಇಲ್ಲ, ಗೊಬ್ಬರ ಇಲ್ಲ, ಎಣ್ಣಿ ಹೊಡೆಯೋದಿಲ್ಲ. ಮಳೆ ನೀರಿನಾಗ ನಾಲ್ಕಾರು ದಿನ ಮುಳುಗಿದ್ರೂ ಸಾಯಲ್ಲ, ಸ್ವಲ್ಪ ಉಪ್ಪು ತಾಗಿದ್ರೂ ತಡೀತೈತಿ. ಆಳೆತ್ತರ ಬೆಳೆದಿತ್ತು. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡ್ತಾರೆ. ಆಮೇಲೆ ಬಾಗಿಲು ತೆಗೆದು ಉಪ್ಪು ನೀರು ಒಳಗೆ ಬಿಟ್ರೆ ಆ ಹುಲ್ಲು ಕೊಳೆತು ಸಿಗಡಿ, ಮೀನಿಗೆ ಮೇವು. ಅದೇ ಮುಂದಿನ ಬೆಳೆಗೆ ಗೊಬ್ಬರ.

ಒಡ್ಡಿನಾಗ ಒಂದು ಕಡೆ ಮರದ ಹಲಗೆ ಬಾಗಿಲು. ಹೊಳೆ ಇಳಿದಾಗ ತೆಗೆದ್ರೆ ಮಳೆ ನೀರು ಹೊರಗೆ ಹೋಗ್ತೈತಿ, ಭರತ ಬರೋದ್ರೊಳಗೆ ಹಾಕಬೇಕು. ಯಜಮಾನರು ಮಾತಾಡ್ತಾನೇ ಬಗ್ಗಿ, ಒಡ್ಡಿನಾಗ ಏಡಿ ಕೊರೆದ ತೂತಿಗೆ ಕೆಸರು ಮೆತ್ತಿದ್ರು. ಅದು ಅವರ ಗದ್ದೆ ಮುಂದಿನ ಒಡ್ಡಲ್ಲ. ಕೇಳಿದೆ.

"ಯಾರ ಗದ್ದೆ ಮುಂದೆ ಆದ್ರೇನು? ಇಲ್ಲಿ ಒಡೆದ್ರೆ ಉಪ್ಪು ನೀರು ಎಲ್ಲರ ಗದ್ದೆಗೂ ಹೋಗ್ತದೆ" ಅಂದ್ರು.

ಎಲ್ಲಾ ಚೆಂದ ಐತಿ ಅಂತ ತಿಳಕೋಬ್ಯಾಡ್ರಿ. ಅಲ್ಲೂ ಹುಡುಗರು ಗದ್ದೆಗೆ ಇಳಿಯೋದಿಲ್ಲ, ಎಷ್ಟೋ ಮಂದಿ ಕಗ್ಗ ಬಿಟ್ಟು ಬರೇ ಸಿಗಡಿಗೆ ಬಿದ್ದಾರೆ. ಸುತ್ತ ನೀರಿದ್ರೂ ಬೇಸಿಗೆಯಾಗ ಬಾವಿ ನೀರು ಉಪ್ಪಾಗಿ ಕುಡಿಯೋಕೆ ಪರದಾಟ. ಅದನ್ನ ಕೇಳಿ ನಮ್ಮಾಕಿ "ಇವರೂ ನಮ್ಮಂಥೋರೇ" ಅಂದಳು.

ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ. ಯಾಕೆ ಅಂತ ನಮ್ಮೂರಿನೋರಿಗೆ ಹೇಳಬೇಕು. ಗುಡ್ಡದ ನೀರು ನಮ್ಮ ಕೆರಿಗೆ ತರೋ ಹಳ್ಳ ನನ್ನ ಹೊಲದ ಬದುವಿಗೆ ಹತ್ತಿ ಹರೀತೈತಿ. ನಮ್ಮಪ್ಪನ ಕಾಲಕ್ಕೆ ಅದರಾಗ ಎತ್ತಿನ ಬಂಡಿ ಇಳಿದು ಹತ್ತುತ್ತಿತ್ತು. ನಾನು ವರ್ಷಕ್ಕೆ ಒಂದೊಂದು ಸಾಲು ಒಳಗೆ ಹೊಡೆದೆ. ಟ್ರ್ಯಾಕ್ಟರ್ ಬಂದ ಮೇಲೆ ಸಾಲು ಇನ್ನೂ ಅಗಲ ಆತು. ಎದುರಿನೋರೂ ಹೊಡೆದ್ರು, ನಾನು ಅವರನ್ನ ಬೈದೆ. ಕೆರಿ ತುಂಬದಿದ್ರೆ ಮಳಿಗೆ ಬೈದೆ. 2023ರ ಬರಕ್ಕೆ ನನ್ನ ಬೋರು ನಿಂತಾಗ ಸಾಲ ಮಾಡಿ ಇನ್ನೊಂದು ಹಾಕಿಸಿದೆ, 620 ಅಡಿಗೆ ಬರೇ ಧೂಳು. ಈ ಸಲದ ಮೆಕ್ಕೆಜೋಳದ ರೊಕ್ಕಕ್ಕೆ ಮೂರನೇದು ಹಾಕಿಸೋ ಲೆಕ್ಕದಾಗಿದ್ದೆ. ಯಾರದೋ ಒಡ್ಡಿಗೆ ಕೆಸರು ಮೆತ್ತಿದ ಆ ಮುದುಕನ ಕೈ ಕಣ್ಣ ಮುಂದಿಂದ ಹೋಗಲೇ ಇಲ್ಲ.

ಮೂರನೇ ದಿನ ದೋಣಿ ದಾಟುವಾಗ ಹುಡುಗ ಒಂದು ವಿಷಯ ಹೇಳಿದ. ಈ ಅಘನಾಶಿನಿ ಅಳಿವೆಗೂ, ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರಿಗೂ 2024ರ ಜನವರಿಯಾಗ ಒಟ್ಟಿಗೇ ರಾಮ್ಸಾರ್ ಪಟ್ಟಿಯಾಗ ಜಾಗ ಸಿಕ್ಕಿತಂತೆ. ಜಗತ್ತಿನ ಮುಖ್ಯ ನೀರಿನ ಜಾಗಗಳ ಪಟ್ಟಿ ಅದು. ಅಳಿವೆ 4,801 ಹೆಕ್ಟೇರು, ಅಂಕಸಮುದ್ರ ನೂರಕ್ಕೂ ಸ್ವಲ್ಪ ಕಡಿಮೆ. ಅಳಿವೆ ಹೊಳೆ, ಸಮುದ್ರ ಕೂಡಿ ಆಗಿದ್ದು. ನಮ್ಮದು ಹೊಲಕ್ಕೆ ನೀರು ಬೇಕು ಅಂತ ಮನುಷ್ಯರು ಕಟ್ಟಿದ್ದು. ಅಂಥವರ ಊರಿನೋರು ನಾವು.

ಬಂದ ಮರುದಿನ ಟೇಪ್ ಹಿಡಿದು ಅಳೆದೆ. ಹಳೇ ಬೇವಿನ ಗಿಡದ ಗುರುತಿಂದ ನಾನು ಒಳಗೆ ಹೋಗಿದ್ದು ಹನ್ನೊಂದು ಅಡಿ. ಮೊನ್ನೆ ಜೆಸಿಬಿ ತರಿಸಿ ನನ್ನ ಹೊಲದ ಉದ್ದಕ್ಕೂ ಅಷ್ಟೂ ಬಿಡಿಸಿದೆ. ಮಗ ಮುಖ ಊದಿಸಿಕೊಂಡಾನೆ. ಮೂರನೇ ಬೋರು ಸದ್ಯಕ್ಕಿಲ್ಲ. ನಾನೊಬ್ಬ ಬಿಟ್ರೆ ಕೆರಿ ತುಂಬಲ್ಲ, ಗೊತ್ತೈತಿ. ಮ್ಯಾಲಿನೋರು, ಕೆಳಗಿನೋರು ಬಂದು ನೋಡ್ರಿ. ಭಾನುವಾರ ಮುಂಜಾನೆ ಏಳಕ್ಕೆ ಹಳ್ಳದ ಹತ್ರ ಇರ್ತೀನಿ. ನಿಮಗೆ ನಾನು ಬೈದಿದ್ದಕ್ಕೆ ಅಲ್ಲೇ ತಪ್ಪಾತು ಅಂತೀನಿ.

ಕುರ್ವೆ ಕಡೆ ಹೋಗೋ ಮನಸ್ಸಿದ್ದೋರಿಗೆ ಎರಡು ಮಾತು. ಜೋರು ಮಳೆ ನಿಂತ ಮೇಲೆ, ಕೊಯ್ಲಿನ ಹೊತ್ತಿಗೆ ಹೋಗ್ರಿ. ಗುರುತಿನೋರ ಮೂಲಕ ಹೋಗ್ರಿ. ಎಸಿ ಇಲ್ಲ, ಸೊಳ್ಳೆ ಐತಿ. ಸಿಹಿನೀರು ನೋಡಿ ಬಳಸ್ರಿ. ಬರುವಾಗ ಯಜಮಾನರು ಒಂದು ಹಿಡಿ ಕಗ್ಗದ ಬತ್ತ ಕೊಟ್ಟಾರೆ. ನಮ್ಮ ಹೊಲದಾಗ ಅದಕ್ಕೆ ಕೆಲಸ ಇಲ್ಲ. ನಮ್ಮಾಕಿ ಜಗಲಿ ಮ್ಯಾಲೆ, ನಮ್ಮ ಜ್ವಾಳದ ಬೀಜದ ಮಗ್ಗಲಿಗೆ ಇಟ್ಟಾಳೆ.