ಹೊರೆಗೆ ತಕ್ಕ ಬ್ರೇಕು

ಬ್ರೇಕಿನ ಮಾತು ನಮಗೇಕೆ ಎಂದು ಪುಟ ತಿರುಗಿಸಬೇಡಿ. ಗಲ್ಫ್ ನಾಡುಗಳಲ್ಲಿ ಹಳೆಯ ಪಿಕಪ್ ಓಡಿಸಿ ಮನೆ ನಡೆಸುವ ಗಂಡ, ಮಗ, ತಮ್ಮಂದಿರು ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ನನ್ನ ತಮ್ಮನೂ ಅವರಲ್ಲೊಬ್ಬ.

ಅವನಿರುವುದು ಒಮಾನಿನಲ್ಲಿ. ಅಲ್ಲಿಯ ಜಬಲ್ ಅಖ್ದರ್ ಬೆಟ್ಟದ ಮೇಲೆ, ಸುಮಾರು 2000 ಮೀಟರ್ ಎತ್ತರದಲ್ಲಿ ಗುಲಾಬಿ, ದಾಳಿಂಬೆ ಬೆಳೆಯುತ್ತಾರೆ. ದಾರಿ ಎಷ್ಟು ಕಡಿದೆಂದರೆ, ಬುಡದಲ್ಲೇ ಪೊಲೀಸರು ತಡೆದು ಫೋರ್ ವೀಲ್ ವಾಹನಗಳನ್ನಷ್ಟೇ ಮೇಲೆ ಬಿಡುತ್ತಾ ಬಂದಿದ್ದಾರೆ. ತಮ್ಮ ಕೊಂಡ ಹಳೆಯ ಪಿಕಪ್ಪನ್ನು ಹಿಂದಿನ ಮಾಲೀಕ ಕಲ್ಲುದಾರಿಗೆಂದು ಎತ್ತರ ಮಾಡಿಸಿದ್ದ. ಹೊರೆ ಹೇರಿ ಇಳಿಯುವಾಗ ಮುಂದಿನ ಬ್ರೇಕು ಕಾದು ವಾಸನೆ ಬರುತ್ತಿತ್ತು. ಹಿಂದಿನದು ಸರಿಯಾಗಿ ಹಿಡಿಯುತ್ತಿರಲಿಲ್ಲ. ಮುಂದಿನ ಪ್ಯಾಡ್ ಬದಲಿಸಿದರೂ ಅದೇ ಕಥೆ. ಫೋನಿನಲ್ಲಿ ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರಾಗುತ್ತದೆ. ಆಗ ಹಿಂದಿನ ಚಕ್ರಕ್ಕೆ ಅತಿಯಾದ ಒತ್ತಡ ಹೋದರೆ ಅದು ತಿರುಗುವುದನ್ನೇ ನಿಲ್ಲಿಸಿ ಜಾರುತ್ತದೆ, ಗಾಡಿ ಅಡ್ಡ ತಿರುಗುತ್ತದೆ. ಅದಕ್ಕೆಂದೇ ಹಳೆಯ ಟೊಯೋಟಾ ಹೈಲಕ್ಸ್‌ನಂತಹ ಅನೇಕ ಪಿಕಪ್‌ಗಳಲ್ಲಿ ಹೊರೆ ನೋಡಿ ಒತ್ತಡ ಹಂಚುವ ಒಂದು ವಾಲ್ವ್ ಇದೆ. ವಾಲ್ವ್ ಇರುವುದು ಚಾಸಿಸ್ ಮೇಲೆ. ಅದರ ಸರಳು ಸೇರುವುದು ಹಿಂದಿನ ಆಕ್ಸಲ್‌ಗೆ. ಹೊರೆ ಬಿದ್ದಾಗ ಸ್ಪ್ರಿಂಗ್ ತಗ್ಗಿ ಎರಡೂ ಹತ್ತಿರವಾಗುತ್ತವೆ, ಹಿಂದಕ್ಕೆ ಹೆಚ್ಚು ಒತ್ತಡ ಹೋಗುತ್ತದೆ. ಖಾಲಿಯಿದ್ದರೆ ಕಡಿಮೆ. ಎತ್ತರ ಮಾಡಿದ ಗಾಡಿಯಲ್ಲಿ ಇವೆರಡೂ ಸದಾ ದೂರ. ಹೊರೆ ತುಂಬಿದ್ದರೂ ವಾಲ್ವ್‌ನ ಲೆಕ್ಕದಲ್ಲಿ ಅದು ಖಾಲಿ ಗಾಡಿಯೇ!

ಮೆಕ್ಯಾನಿಕ್‌ಗೆ ಹೀಗೆ ಹೇಳಲು ತಿಳಿಸಿ: ಮೊದಲು ಹಿಂದಿನ ಡ್ರಮ್ಮಿನ ಶೂಗಳು ಸವೆದಿವೆಯೇ, ಸಡಿಲವಾಗಿವೆಯೇ ನೋಡಲಿ, ಸಡಿಲವಿದ್ದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಬಳಿಕ ಬ್ರೇಕ್ ಆಯಿಲ್ ಸೋರಿಕೆ, ಪೈಪಿನೊಳಗಿನ ಗಾಳಿ. ನಂತರ ವಾಲ್ವ್‌ನ ಸರಳು ಬಾಗಿದೆಯೇ, ತುಕ್ಕು ಹಿಡಿದು ಕಚ್ಚಿಕೊಂಡಿದೆಯೇ ಎಂದು. ಎತ್ತರ ಮಾಡಿದ ಗಾಡಿಯಾದರೆ, ಸರಳು ಆಕ್ಸಲ್‌ಗೆ ಸೇರುವ ಜಾಗಕ್ಕೆ ಬ್ರಾಕೆಟ್ ಹಾಕಿ ಅಷ್ಟೇ ಮೇಲಕ್ಕೆ ತರಬೇಕು. ತಮ್ಮನ ಗಾಡಿಗೆ ಮಾಡಿಸಿದ್ದು ಇದನ್ನೇ. ಅಲ್‌ಹಮ್ದುಲಿಲ್ಲಾಹ್, ಈಗ ನಾಲ್ಕೂ ಚಕ್ರ ಹಿಡಿಯುತ್ತವೆ.

ಕೆಲವರು ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ. ಆಗ ಹಿಂದಕ್ಕೆ ಸದಾ ಹೆಚ್ಚಿನ ಒತ್ತಡ. ಹೊರೆಯಿದ್ದಾಗ ಚೆನ್ನಾಗಿ ನಿಲ್ಲುವ ಗಾಡಿ, ಖಾಲಿ ಬರುವಾಗ ಜಲ್ಲಿಯ ಮೇಲೆ ಹಿಂದಿನಿಂದ ಜಾರುತ್ತದೆ. ಇದು ರಿಪೇರಿಯಲ್ಲ, ಅಪಾಯವನ್ನು ಇನ್ನೊಂದು ದಿನಕ್ಕೆ ಮುಂದೂಡುವುದು.

‘ಅದ್ಲ್’ ಎಂದರೆ ಎಲ್ಲರಿಗೂ ಸಮಪಾಲು ಎಂದೇ ಹಲವರು ತಿಳಿದಿದ್ದಾರೆ. ಅಲ್ಲ, ಹೊತ್ತ ಹೊರೆಗೆ ತಕ್ಕ ಪಾಲು. ಮನೆಯಲ್ಲೂ ಅಷ್ಟೇ. ಒಬ್ಬರ ಹೊರೆ ಇನ್ನೊಬ್ಬರಿಗೆ ತಿಳಿಯದಿದ್ದರೆ ದುಡಿಯುವವರೇ ಕಾದು ಸವೆಯುತ್ತಾರೆ. ದೂರದಲ್ಲಿರುವವರ ಪ್ರಾಣ ನಮಗೆ ಅಮಾನತ್ತು. ಅವರಿಗಾಗಿ ದುಆ ಮಾಡೋಣ. ಜೊತೆಗೆ ಮುಂದಿನ ಸಲ ಫೋನ್ ಬಂದಾಗ, ‘ಊಟ ಆಯಿತೇ’ ಎಂದ ಮೇಲೆ ‘ಹಿಂದಿನ ಬ್ರೇಕ್ ತೋರಿಸಿದಿರಾ’ ಎಂದೂ ಕೇಳಿಬಿಡಿ.