ತ್ವೇರ್ ಟಿಪ್ಪಣಿಗಳು: ಬೀದರಿಗೆ ಬಂದವನ ಊರಿನಲ್ಲಿ

ಬೆಳಗ್ಗೆ, ವೋಲ್ಗಾ ದಡ

ಮಾಸ್ಕೋಗೆ ರೈಲು ಸಂಜೆಗೆ. ಅಲ್ಲಿಯವರೆಗೆ ಅವಸರವಿಲ್ಲ, ಜೊತೆಗೆ ಯಾರೂ ಇಲ್ಲ. ಹೊಳೆ ದಂಡೆಯ ಊರಿನವರಿಗೆ ಎಲ್ಲಿ ಹೋದರೂ ಕಾಲು ನೀರಿನ ಕಡೆಗೇ ಎಳೆಯುತ್ತದೆ. ನಮ್ಮ ಹನಗೋಡಿನ ಅಣೆಕಟ್ಟೆ ದಾಟಿದ ಲಕ್ಷ್ಮಣತೀರ್ಥ ಹುಣಸೂರು ಹಾದು, ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಇಲ್ಲಿ ತ್ವೆರ್ತ್ಸಾ, ತ್ಮಾಕಾ ಎರಡೂ ಊರೊಳಗೇ ವೋಲ್ಗಾವನ್ನು ಸೇರುತ್ತವೆ. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ದೋಣಿ ಹತ್ತಿದ್ದು ಇದೇ ನೀರಿನಲ್ಲಿ. ಅವನು ಕೊನೆಗೆ ಬಂದು ಮುಟ್ಟಿದ್ದು ನಮ್ಮ ಬೀದರಿಗೆ. ಅಷ್ಟು ದೂರ ಬರುವಂತೆ ಅವನನ್ನು ನೂಕಿದ್ದು ಏನು?

ಪ್ರತಿಮೆಯ ಕೆಳಗೆ

1955ರಲ್ಲಿ ನಿಲ್ಲಿಸಿದ್ದು. ಆಗ ಊರಿನ ಹೆಸರು ಕಲಿನಿನ್. 1990ರಲ್ಲಿ ಮತ್ತೆ ತ್ವೇರ್ ಆಯಿತು. ಗಡ್ಡದ ನಿಕಿತಿನ್ ಎದೆ ಸೆಟೆಸಿ ನಿಂತಿದ್ದಾನೆ, ಕಾಲ ಕೆಳಗಿನ ನಾವೆಯ ಮೂತಿಯಲ್ಲಿ ಕುದುರೆ ತಲೆ. ಸ್ನೇಹದ ಉದ್ದೇಶದಿಂದ ಭಾರತಕ್ಕೆ ಹೋದವನೆಂದು ಪೀಠದ ಬರಹ ಹೇಳುತ್ತದೆ. ಇದು ನನಗೆ ಅರ್ಥವಾಗುತ್ತಿಲ್ಲ. ಅವನು ಹೊರಟದ್ದು ವ್ಯಾಪಾರಕ್ಕೆ. ಅಸ್ತ್ರಾಖಾನ್ ಹತ್ತಿರ ದರೋಡೆಯಾಗಿ ಸರಕೆಲ್ಲ ಹೋಯಿತು. ಊರಿಗೆ ಮರಳಿದರೆ ಸಾಲ ಕೊಟ್ಟವರು ಕಾಯುತ್ತಿದ್ದರು. ಅದಕ್ಕೇ ಮುಂದೆ ಮುಂದೆ ನಡೆದ. ದಿಕ್ಕುಗೆಟ್ಟು ಬಂದವನನ್ನು ದೂತನನ್ನಾಗಿ ಮಾಡಿದ್ದು ಯಾಕೆ? ಸಾಲಗಾರನಿಗೆ ಪ್ರತಿಮೆ ಸಲ್ಲುವುದಿಲ್ಲವೆ?

ಕುದುರೆಯ ವಿಷಯ

ಮಾರಲೆಂದು ಅವನು ಹಡಗಿನಲ್ಲಿ ಒಂದು ಗಂಡುಕುದುರೆ ತಂದ. ಜುನ್ನಾರಿನ ಖಾನ ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆಂದು ನಾಲ್ಕು ದಿನದ ಗಡುವು ಇಟ್ಟ. ಖೊರಾಸಾನದ ಮುಸ್ಲಿಮನೊಬ್ಬ ನಡುವೆ ಬಂದು ಮಾತಾಡಿದ್ದರಿಂದ ಕುದುರೆಯೂ ಉಳಿಯಿತು, ಧರ್ಮವೂ ಉಳಿಯಿತು. ಅದನ್ನು ಮಾರಿದ್ದು ಬೀದರಿನಲ್ಲಿ. ಪೀಠದ ಮೇಲೆ ಬರೆಯಬಹುದಾಗಿದ್ದ ಸ್ನೇಹ ಆ ಖೊರಾಸಾನಿಯದು ಅನ್ನಿಸುತ್ತದೆ. ಅವನ ಸುಳಿವು ಇಲ್ಲಿ ಎಲ್ಲೂ ಇಲ್ಲ.

ಮಧ್ಯಾಹ್ನ, ಮಾರುಕಟ್ಟೆ ಬದಿ

ತಲೆಗೆ ವಸ್ತ್ರ ಕಟ್ಟಿದ ಅಜ್ಜಿ ಕೆಂಪು ಕ್ರಾನ್‌ಬೆರಿಯನ್ನು ಗಾಜಿನ ಲೋಟದಲ್ಲಿ ಅಳೆದು ಮಾರುತ್ತಿದ್ದರು. ತಕ್ಕಡಿ ಇಲ್ಲ. ಲೋಟದ ಮೇಲೆ ಗೋಪುರವಾಗುವಷ್ಟು ತುಂಬಿ, ಕಾಗದದ ಪೊಟ್ಟಣಕ್ಕೆ ಸುರಿದು, ಮೇಲಿಂದ ಇನ್ನೊಂದು ಚಿಟಿಕೆ ಹಾಕಿದರು. ಹುಣಸೂರು ಸಂತೆಯಲ್ಲಿ ಪಾವಿನಲ್ಲಿ ಅವರೆಕಾಳು ಅಳೆಯುವವರೂ ಹೀಗೇ ಕೊಸರು ಹಾಕುತ್ತಾರೆ. ಹಣ್ಣು ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ನನ್ನ ಮುಖ ನೋಡಿ ಅಜ್ಜಿ ಕೈಸನ್ನೆಯಲ್ಲೇ ಸಕ್ಕರೆ ಬೆರೆಸಲು ಹೇಳಿದರು. ಮಾತೇ ಇಲ್ಲದೆ ವ್ಯವಹಾರ ಮುಗಿಯಿತು. ನಿಕಿತಿನ್ ಬೀದರಿನ ಪೇಟೆಯಲ್ಲಿ ಮೊದಲ ವಾರ ಹೀಗೇ ಕಳೆದನೋ ಏನೋ.

ಪ್ರಯಾಣದ ಅರಮನೆ

1763ರ ಬೆಂಕಿಯಲ್ಲಿ ಊರು ಸುಟ್ಟ ಮೇಲೆ ಕಟ್ಟಿದ್ದು. ಮಾಸ್ಕೋ, ಪೀಟರ್ಸ್‌ಬರ್ಗ್ ನಡುವೆ ಓಡಾಡುವ ರಾಜಮನೆತನದವರು ದಣಿವಾರಿಸಿಕೊಳ್ಳಲು. ಈಗ ಚಿತ್ರಶಾಲೆ. ಚಿನ್ನದ ಚೌಕಟ್ಟುಗಳ ನಡುವೆ ನಿಂತಾಗ ನಿಕಿತಿನ್ ಬರೆದದ್ದು ನೆನಪಾಯಿತು: ಬಹಮನಿ ನಾಡಿನಲ್ಲಿ ಪ್ರಭುಗಳು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಕಡುಬಡವರು. ಬಹಮನಿ ಮಂತ್ರಿ ಮಹಮೂದ್ ಗವಾನ್ ಆಡಳಿತದ ಉಚ್ಛ್ರಾಯ ಕಾಲ ಅದು. ಆಸ್ಥಾನದ ಬರಹಗಾರರು ವೈಭವವನ್ನು ಬರೆದರು. ಹಳ್ಳಿಯವರ ಬರಿಮೈ ಕಂಡದ್ದು ಸಾಲದ ಹೊರೆ ಹೊತ್ತ ಪರದೇಶಿಗೆ. ಸಾಲ ಕಂಡವನಿಗೇ ಬಡತನ ಬೇಗ ಕಾಣುತ್ತದೆಯೆ?

ಸಂಜೆ, ರೈಲು ನಿಲ್ದಾಣ

ನಿಕಿತಿನ್ ಈ ಊರಿಗೆ ಮರಳಲೇ ಇಲ್ಲ. ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ಅವನ ಕೈಬರಹವನ್ನು ವ್ಯಾಪಾರಿಗಳು ಮಾಸ್ಕೋಗೆ ಒಯ್ದರು. 1475ರಲ್ಲಿ ಅದು ಅಲ್ಲಿನ ಅಧಿಕಾರಿಯೊಬ್ಬರ ಕೈಸೇರಿ ಚರಿತ್ರೆಯ ದಾಖಲೆಗಳಲ್ಲಿ ಉಳಿಯಿತು. ಹತ್ತು ವರ್ಷದಲ್ಲಿ ತ್ವೇರ್ ರಾಜ್ಯವೇ ಮಾಸ್ಕೋದ ಪಾಲಾಯಿತು. ರಾಜ್ಯ ಹೋಯಿತು, ವ್ಯಾಪಾರ ಮುಳುಗಿತು, ಹಾಳೆಗಳು ಉಳಿದವು. ಆ ಹಾಳೆಗಳಲ್ಲಿ ನಮ್ಮ ರೈತರ ಹೊಟ್ಟೆಪಾಡಿದೆ. ಬೀದರಿನ ಕೋಟೆ ತೋರಿಸುವಾಗ ಮಕ್ಕಳಿಗೆ ಬಾಗಿಲು, ಬುರುಜುಗಳ ಲೆಕ್ಕದ ಜೊತೆ ಅದನ್ನೂ ಹೇಳಬೇಕು. ಐನೂರು ವರ್ಷ ದಾಟಿದರೂ ಅದನ್ನು ನಾವು ನಮ್ಮ ಚರಿತ್ರೆ ಎಂದು ಓದದಿರುವುದು ಯಾಕೆಂದು ನನಗಿನ್ನೂ ಬಗೆಹರಿದಿಲ್ಲ.