ಧಾರಾವಿಯಲ್ಲಿ ಮಾಸ್ತರರ ಜಾಕೆಟ್

ಹುಬ್ಬಳ್ಳಿಯಿಂದ ಹೊರಟ ರೈಲು ದಾದರ್ ತಲುಪುವ ಹೊತ್ತಿಗೆ ಮುಂಬಯಿಗೆ ಇನ್ನೂ ಬೆಳಕು ಹರಿದಿರುವುದಿಲ್ಲ. ಜನವರಿಯ ಒಂದು ಮುಂಜಾವು ಅಲ್ಲಿ ಇಳಿದ ಅರವತ್ತೆಂಟರ ಮಾಸ್ತರರ ಕೈಯಲ್ಲಿದ್ದುದು ಒಂದೇ ಚೀಲ. ಒಳಗೆ ಎರಡು ಜೊತೆ ಬಟ್ಟೆ, ಧಾರವಾಡ ಪೇಢೆಯ ಪೊಟ್ಟಣ, ಒಂದು ದಪ್ಪನೆಯ ಉಣ್ಣೆ ಸ್ವೆಟರ್. ಬೆವರಿಳಿಸುವ ಮುಂಬಯಿಗೆ ಸ್ವೆಟರ್ ಯಾಕೆ ಎಂದು, ಡೊಂಬಿವಲಿಯಿಂದ ಕರೆದೊಯ್ಯಲು ಬಂದಿದ್ದ ಅಕ್ಕನ ಮಗ ಕೇಳಿದ. ‘ಅಳತಿಗೆ’ ಎಂದರು ಮಾಸ್ತರರು.

ಅವರು ಬಂದದ್ದು ಚರ್ಮದ ಜಾಕೆಟ್ ಕೊಳ್ಳಲು.

‘ಮಾಮಾ, ಈ ವಯಸ್ಸಿನ್ಯಾಗ ಯಾಕ್ ಬೇಕಿತ್ರಿ ಇದು? ಒಂದು ಛಲೋ ಸ್ವೆಟರ್ ಆಗಿದ್ರ ಸಾಕಾಗ್ತಿತ್ತಲ್ಲ?’

‘ಆವಾಗ ಭುಜ ಇತ್ತು, ರೊಕ್ಕ ಇರಲಿಲ್ಲ. ಈಗ ರೊಕ್ಕ ಐತಿ, ಭುಜ ಹೋಗೇತಿ. ಎರಡೂ ಹೋಗೂಕಿಂತ ಮೊದಲ ಒಂದು ತಗೊಂಡ್ ಬಿಡೂಣು ಅಂತ ಬಂದೇನಿ.’

ಮಾತು ತಮಾಷೆಯದಾದರೂ ಸಂಗತಿ ಅಷ್ಟು ಹಗುರವಲ್ಲ. ಮಾಸ್ತರರ ಬಳಿ 1982ರಲ್ಲಿ ಸಾಲ ಮಾಡಿ ಕೊಂಡ ಯೆಜ್ಡಿ ಗಾಡಿ ಇದೆ. ಅದನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿ ಮಾತ್ರ ನಿಂತಿಲ್ಲ. ನಿವೃತ್ತಿಯ ನಂತರ ತಿಂಗಳಿಗೊಮ್ಮೆ ಗೆಳೆಯರೊಂದಿಗೆ ನಸುಕಿನಲ್ಲೇ ಹೊರಟು ಹಳಿಯಾಳದ ಮೇಲೆ ದಾಂಡೇಲಿಗೆ ಹೋಗಿ, ಚಹಾ ಕುಡಿದು, ಊಟದ ಹೊತ್ತಿಗೆ ಮನೆ ಸೇರುವುದು ಅವರ ರೂಢಿ. ಹಿಂದಿನ ವರ್ಷ ಹಳಿಯಾಳದ ಈಚೆ ರಸ್ತೆಯ ಮೇಲೆ ಚೆಲ್ಲಿದ್ದ ಉಸುಕಿನಲ್ಲಿ ಚಕ್ರ ಜಾರಿತು. ಮೂಳೆ ಉಳಿಯಿತು. ಬಲ ಮೊಳಕೈಯ ಚರ್ಮ ಅರ್ಧ ರಸ್ತೆಯ ಪಾಲಾಯಿತು, ಬಲ ಭುಜ ಹಿಡಿದುಕೊಂಡಿತು. ಅಂದಿನಿಂದ ಗಾಡಿಯ ಕೀಲಿಕೈ ಮಗಳ ಹತ್ತಿರ ಇದೆ. ‘ಸರಿಯಾದ ಜಾಕೀಟು ಹಾಕ್ಕೊಂಡ್ರ ನೋಡೂಣು’ ಎಂದು ಆಕೆ ಹೇಳಿದ್ದು ಮಾತು ಮುಗಿಸುವುದಕ್ಕಾಗಿ. ಮಾಸ್ತರರು ಅದನ್ನೇ ಒಪ್ಪಂದವೆಂದು ಹಿಡಿದುಕೊಂಡರು.

ದಾದರಿನಿಂದ ಸ್ಲೋ ಲೋಕಲ್ ಹಿಡಿದರೆ ಮಾಟುಂಗ, ಅದಾದ ಮೇಲೆ ಸಾಯನ್. ಮರಾಠಿಗರು ಇದನ್ನು ‘ಶೀವ್’ ಎನ್ನುತ್ತಾರೆ; ಎಲ್ಲೆ, ಗಡಿ ಎಂದು ಅರ್ಥ. ಹಳೆಯ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು, ಆಚೆಗೆ ಸಾಲ್ಸೆಟ್ ಶುರುವಾಗುತ್ತಿತ್ತು. ಈ ಗಡಿಯನ್ನು ಕಾಯಲು ಇಂಗ್ಲಿಷರು ಕಟ್ಟಿದ ಕೋಟೆಯೊಂದರ ತುಂಡು, ಕಾಲಾ ಕಿಲ್ಲಾ, ಮನೆಗಳ ನಡುವೆ ಸಿಕ್ಕಿಕೊಂಡು ಇನ್ನೂ ನಿಂತಿದೆ. ಅದರ ಮೇಲಿನ ಕಲ್ಲು 1737ರ ಇಸವಿ ಹೇಳುತ್ತದೆ. ಅದರ ಸುತ್ತಲಿನದೆಲ್ಲ ಧಾರಾವಿ. ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ಜಾಗದಲ್ಲಿ ಲಕ್ಷಾಂತರ ಜನ, ಗುಜರಾತಿನ ಕುಂಬಾರರ ಕುಂಭಾರವಾಡ, ಮೀನುಗಾರರ ಕೋಳಿವಾಡ, ತಮಿಳರ ಓಣಿ, ಉತ್ತರ ಪ್ರದೇಶ ಬಿಹಾರಗಳ ಹೊಲಿಗೆಯವರು. ಕಲಬುರ್ಗಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ.

ಊರಿನ ಹೊರಗೆ ಇರಬೇಕೆಂದು ಸಮಾಜ ಬಯಸಿದ ಕಸುಬುಗಳೆಲ್ಲ ಈ ಗಡಿಯಲ್ಲಿ ಬಂದು ನೆಲೆಸಿದವು. ಚರ್ಮ ಅದರಲ್ಲಿ ಮೊದಲನೆಯದು. ಕೊಲ್ಲಿಯ ಆಚೆ ಬಾಂದ್ರಾದಲ್ಲಿ ಕಸಾಯಿಖಾನೆ ಇತ್ತು; ಹಸಿ ಚರ್ಮ ಹತ್ತಿರದಲ್ಲೇ ಸಿಗುತ್ತಿತ್ತು. ತಿರುನೆಲ್ವೇಲಿ ಕಡೆಯಿಂದ ಬಂದ ತಮಿಳು ಮುಸಲ್ಮಾನರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಹದ ಮಾಡುವ ತೊಟ್ಟಿಗಳನ್ನು ಹೂಡಿದರು. 1971ರಲ್ಲಿ ಕಸಾಯಿಖಾನೆ ದೇವನಾರಕ್ಕೆ ಹೋಯಿತು. ಆಮೇಲೆ ತೊಟ್ಟಿಗಳೂ ಒಂದೊಂದಾಗಿ ಎದ್ದು ಹೋದವು. 2015ರಲ್ಲಿ ಮಹಾರಾಷ್ಟ್ರದಲ್ಲಿ ಎತ್ತು ಹೋರಿಗಳ ವಧೆಯೂ ನಿಷೇಧವಾಗಿ ವ್ಯಾಪಾರಕ್ಕೆ ಇನ್ನೊಂದು ಪೆಟ್ಟು ಬಿತ್ತು. ಈಗ ಹದವಾದ ಚರ್ಮ ತಮಿಳುನಾಡಿನಿಂದ, ಕಾನ್ಪುರದಿಂದ, ಕೋಲ್ಕತಾದಿಂದ ಲಾರಿಯಲ್ಲಿ ಬರುತ್ತದೆ. ಕತ್ತರಿಸುವುದು, ಹೊಲಿಯುವುದು, ಮಾರುವುದು ಇಲ್ಲಿ ಉಳಿದಿದೆ.

ಸಾಯನ್–ಬಾಂದ್ರಾ ಲಿಂಕ್ ರಸ್ತೆಯ ಉದ್ದಕ್ಕೂ ಸಾಲು ಅಂಗಡಿಗಳು. ಗಾಜಿನ ಬಾಗಿಲು, ಹವಾನಿಯಂತ್ರಣ, ಬ್ಯಾಗು, ಬೆಲ್ಟು, ಪಾಕೀಟು, ಗೋಡೆ ತುಂಬ ಜಾಕೆಟ್. ಮೊದಲ ಅಂಗಡಿಯಲ್ಲೇ ಹುಡುಗ ಲೈಟರ್ ಹೊತ್ತಿಸಿ ಜಾಕೆಟ್ಟಿಗೆ ಹಿಡಿದು ತೋರಿಸಿದ: ನೋಡಿ, ಅಸಲಿ ಮಾಲು, ಸುಡುವುದಿಲ್ಲ! ಇದು ಎಲ್ಲ ಊರಿನಲ್ಲೂ ನಡೆಯುವ ಆಟ. ಕ್ಷಣ ಹೊತ್ತಿನ ಜ್ವಾಲೆಯಿಂದ ಏನೂ ಗೊತ್ತಾಗದು. ಅದಕ್ಕಿಂತ ಹೆಬ್ಬೆರಳು ಒಳ್ಳೆಯದು. ಒತ್ತಿದರೆ ನಿಜವಾದ ಚರ್ಮದ ಮೇಲೆ ಸಣ್ಣ ನೆರಿಗೆಗಳು ಸುತ್ತ ಹರಡುತ್ತವೆ. ರೆಕ್ಸಿನ್ ಜಾತಿಯದು ಸುಮ್ಮನೆ ತಗ್ಗಾಗಿ ಮೇಲೇಳುತ್ತದೆ. ರೋಮದ ರಂಧ್ರಗಳು ಒಂದೇ ಸಮ ಇದ್ದರೆ ಅದು ಅಚ್ಚು ಒತ್ತಿದ್ದು. ಪ್ರಾಣಿಯ ಮೈಮೇಲೆ ಯಾವುದೂ ಸಾಲಾಗಿ ಬೆಳೆಯುವುದಿಲ್ಲ. ಕತ್ತರಿಸಿದ ಅಂಚು ಕಾಣುವಲ್ಲಿ ನಾರು ಎದ್ದಿರಬೇಕು. ಬಟ್ಟೆಯ ಪದರದ ಮೇಲೆ ಬಣ್ಣದ ಪದರ ಕಂಡರೆ ಕೈಬಿಡುವುದು ಲೇಸು. ಇನ್ನೊಂದು ಮೋಸವೂ ಇದೆ. ಚರ್ಮದ ಚೂರನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಾಳೆ ಮಾಡುತ್ತಾರೆ. ಅದಕ್ಕೂ ಚರ್ಮವೆಂದೇ ಹೆಸರು. ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ.

ಅಂಗಡಿಯವರು ಮಾಸ್ತರರಿಗೆ ಹಾಕಿ ನೋಡಲು ಕೊಟ್ಟದ್ದೆಲ್ಲ ಇಪ್ಪತ್ತೈದರ ಹುಡುಗರಿಗೆ ಹೊಲಿದದ್ದು. ಸೊಂಟದ ಮೇಲೇ ನಿಲ್ಲುವ, ಕೆಳಗೆ ಪಟ್ಟಿಯಿರುವ ಗಿಡ್ಡ ಜಾಕೆಟ್ ಹೊಟ್ಟೆಯಿರುವವರಿಗೆ ಹೊಟ್ಟೆಯನ್ನೇ ತೋರಿಸುತ್ತದೆ. ಹೆಗಲ ಮೇಲೆ ಬಿಲ್ಲೆ, ತೋಳಿನ ಮೇಲೆ ಮೂರು ಜಿಪ್ಪು, ಮೈಯೆಲ್ಲ ಹೊಳಪು! ಕನ್ನಡಿಯಲ್ಲಿ ನೋಡಿಕೊಂಡು ಮಾಸ್ತರರು ತಾವೇ ನಕ್ಕರು. ಬೆಳ್ಳಿಗೂದಲಿಗೆ ಕಪ್ಪಿಗಿಂತ ಕಡುಗಂದು ಹೊಂದುತ್ತದೆ, ಹೊಳಪಿಗಿಂತ ಮಬ್ಬು ಹೊಂದುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕನ್ನಡಿಯೇ ಹೇಳುತ್ತದೆ. ಕನ್ನಡಿ ಹೇಳದ ಸಂಗತಿ ಬೇರೆ. ಯಾವ ಜಾಕೆಟ್ ತೊಟ್ಟರೂ ಹಿಂದೆ ಮೇಲಕ್ಕೆ ಏರುತ್ತಿತ್ತು, ಮುಂದೆ ಜೋಲುತ್ತಿತ್ತು. ಅಳತೆ ದೊಡ್ಡದು ಮಾಡಿದರೆ ಭುಜ ಇಳಿಯುತ್ತಿತ್ತು. ನಾಲ್ಕು ಅಂಗಡಿ ಮುಗಿಯುವಷ್ಟರಲ್ಲಿ ಬೆವರು, ಬೇಸರ ಎರಡೂ ಆಗಿ, ಅಳಿಯ ಮಾಟುಂಗಕ್ಕೆ ಊಟಕ್ಕೆ ಹೋಗೋಣವೆಂದ. ಆಗ ಐದನೆಯ ಅಂಗಡಿಯ ಮಾಲೀಕ, ‘ಇವರಿಗೆ ಸಿದ್ಧ ಮಾಲು ಆಗುವುದಿಲ್ಲ, ಮೇಲೆ ಮಾಸ್ಟರ್ ಹತ್ತಿರ ಕರೆದುಕೊಂಡು ಹೋಗಿ’ ಎಂದು ಹುಡುಗನನ್ನು ಜೊತೆಗೆ ಕಳಿಸಿದ.

‘ಮೇಲೆ’ ಎಂದರೆ ಹಿಂದಿನ ಓಣಿಯಲ್ಲಿ, ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುವ ಸಂದಿಯಲ್ಲಿ, ಕಬ್ಬಿಣದ ಏಣಿ ಹತ್ತಿದರೆ ಸಿಗುವ ಕೋಣೆ. ನಾಲ್ಕು ಹೊಲಿಗೆ ಯಂತ್ರ, ಅಂಟಿನ ಡಬ್ಬಿ, ಸುತ್ತಿಟ್ಟ ಚರ್ಮ. ಭುಜ ಹಿಡಿದ ಮಾಸ್ತರರು ಏಣಿ ಹತ್ತಿದ್ದು ನಿಧಾನಕ್ಕೆ. ಮೇಲಿನಿಂದ ಮಾಸ್ಟರ್ ಕೈ ಕೊಟ್ಟು ಎಳೆದುಕೊಂಡರು. ಬಿಹಾರದವರು, ಅರವತ್ತರ ಆಸುಪಾಸು, ಹದಿನಾಲ್ಕರಲ್ಲಿ ಬಂದವರು. ಮಾಸ್ತರ ಮತ್ತು ಮಾಸ್ಟರ್. ಇಬ್ಬರ ಹಿಂದಿಯೂ ಅವರವರ ಊರಿನದು.

ಮಾಸ್ಟರ್ ಮೊದಲು ಕೇಳಿದ್ದು ಬಣ್ಣವಲ್ಲ. ತೊಟ್ಟು ಎಲ್ಲಿಗೆ ಹೋಗುತ್ತೀರಿ?

ಗಾಡಿಯ ಮಾತು ಬಂದೊಡನೆ ಅವರು ಕೆಳಗಿನ ಅಂಗಡಿಯಿಂದ ತಂದಿದ್ದ ಮೆತ್ತನೆಯ ಕುರಿ ಚರ್ಮದ ಜಾಕೆಟ್ಟನ್ನು ಪಕ್ಕಕ್ಕೆ ಇಟ್ಟರು. ಇದು ಮದುವೆಗೆ, ಸಿನಿಮಾಕ್ಕೆ. ಬೆಣ್ಣೆಯ ಹಾಗೆ ಇರುತ್ತದೆ, ಡಾಂಬರಿಗೆ ತಾಗಿದರೆ ಬೆಣ್ಣೆಯ ಹಾಗೇ ಹೋಗುತ್ತದೆ. ಎಮ್ಮೆ ಚರ್ಮ ಗಟ್ಟಿ, ಆದರೆ ಆ ಭಾರ ಈ ಭುಜಕ್ಕಲ್ಲ. ಅರ್ಧ ದಾರಿಗೆ ಕುತ್ತಿಗೆ ನೋವು ಬರುತ್ತದೆ. ಆಡಿನ ಚರ್ಮ ತೆಗೆದುಕೊಳ್ಳಿ. ಸುಮಾರು ಒಂದು ಮಿಲಿಮೀಟರು ದಪ್ಪ, ಹಗುರ, ಹರಿಯುವುದು ಕಷ್ಟ, ಮೇಲೆ ಸಣ್ಣ ಹರಳು ಹರಳು. ಮೊಳಕೈಗೆ, ಭುಜಕ್ಕೆ ಎರಡು ಪದರ ಹಾಕಿ ಒಳಗೆ ಜೇಬು ಬಿಡುತ್ತೇನೆ. ಗಾಡಿಯವರು ಹಾಕುವ ಗಟ್ಟಿ ಪ್ಯಾಡ್ ನೀವೇ ತಂದು ತುರುಕಿ. ಬರಿಯ ಚರ್ಮ ತರಚುವುದನ್ನು ತಡೆಯುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಕೆಳಗೆ ಅಂಗಡಿಯಲ್ಲಿ ಇದನ್ನು ಹೇಳುವುದಿಲ್ಲ.

ಸ್ವೆಟರ್ ಹೊರಬಂದದ್ದು ಆಗ. ಯಂತ್ರದ ಮುಂದಿದ್ದ ಹುಡುಗರು ನಕ್ಕರು. ಮಾಸ್ಟರ್ ನಗಲಿಲ್ಲ. ಒಳಗೆ ಏನು ತೊಡುತ್ತೀರೋ ಅದರ ಮೇಲೆಯೇ ಅಳತೆ ಎಂದು ಸ್ವೆಟರ್ ತೊಡಿಸಿ, ಸ್ಟೂಲಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದಂತೆ ಎರಡೂ ಕೈ ಮುಂದೆ ಚಾಚಲು ಹೇಳಿದರು. ನಿಂತು ಕೊಟ್ಟ ಅಳತೆಗೂ ಕೂತು ಕೊಟ್ಟ ಅಳತೆಗೂ ತೋಳಿನಲ್ಲಿ ಎರಡು ಬೆರಳು ವ್ಯತ್ಯಾಸ! ಆಮೇಲೆ ಕುತ್ತಿಗೆಯ ಮೂಳೆಯಿಂದ ಸೊಂಟದವರೆಗೆ ಟೇಪು ಇಳಿಸಿ, ಬೆನ್ನಿನ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆನ್ನು ಬಾಗಿದೆ ಸಾಹೇಬರೆ. ಹಿಂದೆ ಒಂದು ಇಂಚು ಹೆಚ್ಚು, ಮುಂದೆ ಮುಕ್ಕಾಲು ಇಂಚು ಕಡಿಮೆ ಕತ್ತರಿಸಬೇಕು. ಅಂಗಡಿಯ ಜಾಕೆಟ್ ಯಾಕೆ ಏರುತ್ತಿತ್ತೆಂಬುದಕ್ಕೆ ಉತ್ತರ ಅಲ್ಲಿತ್ತು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು, ಮಕ್ಕಳ ಪಾಟಿಯ ಮೇಲೆ ಬಗ್ಗಿ ಬೆಳೆದ ಬಾಗು ಅದು.

ಉಳಿದದ್ದೆಲ್ಲ ಬೇಗ ಮುಗಿಯಿತು. ತೋಳಿಗೆ ಜಾರುವ ಅಸ್ತರಿ, ಹಿಡಿದ ಭುಜ ಸುಲಭವಾಗಿ ಒಳಹೋಗಬೇಕು. ಬೆರಳಿಗೆ ಸಿಗುವಂಥ ದೊಡ್ಡ ಕೊಂಡಿಯ ಜಿಪ್ಪು, ಕೆಳಗಿನಿಂದಲೂ ಬಿಚ್ಚುವಂಥದ್ದು. ಕೂತಾಗ ಹೊಟ್ಟೆಗೆ ಜಾಗ ಬೇಕಲ್ಲ. ಚಡ್ಡಿ ಕಾಲರು. ಕನ್ನಡಕಕ್ಕೆ ಒಳಜೇಬು. ಮಾಸ್ಟರ್ ಎಂಟು ಸಾವಿರ ಹೇಳಿದರು, ಅಳಿಯ ಐದು ಎಂದ, ಆರೂವರೆಗೆ ನಿಂತಿತು. ನಾಲ್ಕು ದಿನ ಬಿಟ್ಟು ಬನ್ನಿ.

ಅಷ್ಟರಲ್ಲಿ ಹುಡುಗನೊಬ್ಬ ಕಟಿಂಗ್ ಚಹಾ ತಂದ. ಒಂದೇ ತಂತಿಬುಟ್ಟಿಯಲ್ಲಿ ಆರು ಗ್ಲಾಸು. ಎಲ್ಲರಿಗೂ ಅವೇ. ಮಾಸ್ತರರು ಗ್ಲಾಸು ಹಿಡಿದು ತುಸು ತಡೆದದ್ದನ್ನು ಅಳಿಯ ನೋಡಿದ, ಬಿಸಿಯಿರಬೇಕೆಂದುಕೊಂಡ.

ಕಾರಣ ಅವರು ಹೇಳಿದ್ದು ಸಂಜೆ, ಡೊಂಬಿವಲಿಯ ಲೋಕಲಿನಲ್ಲಿ, ಹೇಗೋ ಸಿಕ್ಕ ಅರ್ಧ ಸೀಟಿನ ಮೇಲೆ ಕೂತು. ಅವರು ಸಣ್ಣವರಿದ್ದಾಗ ಊರಿನ ಮನೆಗೆ ಕಾಲಮರಿ ಹೊಲಿಯುವ ಮುದುಕ ಬರುತ್ತಿದ್ದ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮ. ಹೊಸದರಲ್ಲಿ ಕಚ್ಚುತ್ತಿತ್ತು, ಆಮೇಲೆ ಕಾಲಿನದೇ ಆಗಿಬಿಡುತ್ತಿತ್ತು. ಅಳತೆಗೆ ಆತ ಕಾಲು ಮುಟ್ಟುತ್ತಿರಲಿಲ್ಲ. ನೆಲದ ಮೇಲೆ ಇಟ್ಟ ಹೆಜ್ಜೆಯ ಗುರುತನ್ನು ಕಡ್ಡಿಯಿಂದ ಅಳೆದುಕೊಳ್ಳುತ್ತಿದ್ದ. ನೀರು ಕೇಳಿದರೆ ಅಜ್ಜಿ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಅದೇ ಮನೆಯಲ್ಲಿ ಬಸವ ಜಯಂತಿಗೆ ಹರಳಯ್ಯನ ಕಥೆ ಹೇಳುತ್ತಿದ್ದರು. ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದ ಹರಳಯ್ಯ, ಆತನ ಹೆಂಡತಿ ಕಲ್ಯಾಣಮ್ಮ. ‘ಮುಂದ ನಾನೂ ಸಾಲ್ಯಾಗ ಅದನ್ನ ಹೇಳಿದೆ, ಮೂವತ್ತು ವರ್ಷ. ಮಕ್ಕಳು ಕಣ್ಣೀರು ಹಾಕ್ತಿದ್ವು. ಆ ಮುದುಕನ ಹೆಸರು ಏನಿತ್ತು ಅಂತ ಇವತ್ತು ನೆನಪು ಮಾಡ್ಕೊಳಾಕತ್ತೇನಿ, ಬರವಲ್ಲದು ನೋಡು.’ ಅಳಿಯನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕುರ್ಲಾ ಬಂತು, ಜನ ನುಗ್ಗಿದರು.

ನಾಲ್ಕನೆಯ ದಿನ ಏಣಿ ಹತ್ತಿದಾಗ ಕೋಣೆಯಲ್ಲಿ ಬೇರೆಯೇ ಮಾತು ನಡೆದಿತ್ತು. ಧಾರಾವಿಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯ ಬಿಡ್ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. 2024ರಲ್ಲಿ ಮನೆಮನೆಯ ಸಮೀಕ್ಷೆ ಶುರುವಾಯಿತು. 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿ ಇದ್ದವರಿಗೆ ಧಾರಾವಿಯಲ್ಲೇ ಮನೆ. ಮೇಲ್ಮಹಡಿಯವರಿಗೆ ಹೊರಗೆಲ್ಲೋ. ಮಾಸ್ಟರರ ಕೋಣೆ ಏಣಿಯ ಮೇಲಿನದು. ಚರ್ಮ ಲಾರಿಯಲ್ಲಿ ಎಲ್ಲಿಗಾದರೂ ಬಂದೀತು, ಆದರೆ ಅಸ್ತರಿ ಮಾರುವವ, ಜಿಪ್ಪಿನವ, ಅಂಟಿನವ, ಗಿರಾಕಿ ಕಳಿಸುವ ಅಂಗಡಿ ಎಲ್ಲ ಈ ಓಣಿಯಲ್ಲಿವೆ. ಇಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಗುಂಡಿಗೆ ಅಲ್ಲಿ ಒಂದು ದಿನ ಬೇಕಾದೀತು. ಹೊಸ ಕಟ್ಟಡ ನೋಡಲು ಚೆನ್ನಾಗಿರುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ; ಅದರಲ್ಲಿ ತಮ್ಮ ನಾಲ್ಕು ಯಂತ್ರ ಇರುತ್ತವೆಯೇ ಎಂಬುದಷ್ಟೇ ಪ್ರಶ್ನೆ.

ಜಾಕೆಟ್ ಗೂಟಕ್ಕೆ ತೂಗಿತ್ತು. ಕಾಫಿಬೀಜ ಹುರಿದ ಬಣ್ಣ. ಮಾಸ್ತರರು ಸ್ವೆಟರ್ ಮೇಲೆ ತೊಟ್ಟರು. ಭುಜದ ಹೊಲಿಗೆ ಮೂಳೆಯ ಮೇಲೆ ಕೂತಿತು, ಹಿಂದೆ ಏರಲಿಲ್ಲ. ಸ್ಟೂಲಿನ ಮೇಲೆ ಕೂತು ಹ್ಯಾಂಡಲ್ ಹಿಡಿದರು, ಮಣಿಕಟ್ಟು ಮುಚ್ಚಿತ್ತು. ಬಲಗೈ ಮಾತ್ರ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ‘ಅದು ಜಾಕೆಟ್ಟಿನ ತಪ್ಪಲ್ಲ’ ಎಂದರು ಮಾಸ್ಟರ್. ಧಾರವಾಡದ ಮಳೆಗಾಲದ ಬಗ್ಗೆ ಕೇಳಿ ತಿಳಿದು ಎಚ್ಚರಿಕೆ ಕೊಟ್ಟರು: ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಬೂಸ್ಟು ಹಿಡಿಯುತ್ತದೆ. ಅಗಲ ಹ್ಯಾಂಗರಿಗೆ ತೂಗಿ, ಹಳೆಯ ಹತ್ತಿ ಬಟ್ಟೆ ಹೊದಿಸಿ. ನೆನೆದರೆ ನೆರಳಲ್ಲಿ ಒಣಗಿಸಿ, ಒಲೆಯ ಹತ್ತಿರ ಬೇಡ. ಅದೇ ಚರ್ಮದ ಅಂಗೈಯಗಲದ ತುಂಡೊಂದನ್ನು ಮಡಚಿ ಒಳಜೇಬಿಗೆ ಹಾಕಿದರು. ಎಲ್ಲಾದರೂ ತೇಪೆ ಬೇಕಾದರೆ, ಆಗ ಇಲ್ಲಿ ಯಾರಿರುತ್ತಾರೋ.

ಮಾಸ್ತರರು ಪೇಢೆಯ ಪೊಟ್ಟಣ ಕೊಟ್ಟು ಹೆಸರು ಕೇಳಿದರು. ಪೂರಾ ಹೆಸರು, ಊರು, ಜಿಲ್ಲೆ. ಕನ್ನಡಕ ಏರಿಸಿ ಡೈರಿಯಲ್ಲಿ ಬರೆದುಕೊಂಡರು.

ಮಾಟುಂಗದ ರಾಮನಾಯಕರ ಬೋರ್ಡಿಂಗಿನಲ್ಲಿ (1942ರಿಂದ ಅಲ್ಲಿ ಉಡುಪಿಯ ಊಟ ಸಿಗುತ್ತದೆ) ಎಲೆಯ ಮುಂದೆ ಕೂತಾಗ ಹೊರಗೆ ಮೂವತ್ತು ಡಿಗ್ರಿ ದಾಟಿದ ಬಿಸಿಲು. ಮಾಸ್ತರರು ಜಾಕೆಟ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಉಂಡರು. ಸಾರು ಸಿಡಿದೀತೆಂದು ಅದರ ಮೇಲೆ ಕರವಸ್ತ್ರ. ಊಟವಾದ ಮೇಲೆ ಹೊರಗೆ ನೆರಳಲ್ಲಿ ನಿಂತು ಮತ್ತೆ ತೊಟ್ಟು, ಅಳಿಯನ ಫೋನಿನಲ್ಲಿ ಮಗಳಿಗೆ ತೋರಿಸಿದರು.

‘ತಿರುಗ್ರಿ, ಬೆನ್ನು ನೋಡೂಣು.’

ತಿರುಗಿದರು.

‘ಮೊಳಕೈ ತೋರಸ್ರಿ.’

ತೋರಿಸಿದರು. ಹೊಲಿಗೆ ಎರಡು ಸಾಲು ಇರುವುದನ್ನು ಬೆರಳಿಟ್ಟು ಹೇಳಿದರು. ಪ್ಯಾಡು ಹುಬ್ಬಳ್ಳಿಯಲ್ಲಿ ಸಿಗುತ್ತದೋ ಇಲ್ಲವೋ ಎಂದು ಆಕೆ ಕೇಳಿದಳು. ಸಿಗದಿದ್ದರೆ ಬೆಂಗಳೂರಿನಿಂದ ತರಿಸಿದರಾಯಿತು ಎಂದು ಆಕೆಯೇ ಹೇಳಿಕೊಂಡಳು. ಕೀಲಿಕೈಯ ಮಾತನ್ನು ಇಬ್ಬರೂ ಎತ್ತಲಿಲ್ಲ.